ಕೂಲಿಮಠದಿಂದ ಗೌರವಧನದವರೆಗೆ



ಕಳೆದ ಕಾರ್ತಿಕದ ಒಂದು ಸಂಜೆ ನಾವು ಪೂಜೆ ಮುಗಿಸಿ ಹೊರಗೆ ಬಂದು ಕುಳಿತಿರುವಾಗ ಹರಿಹರದ ಕಡೆಯಿಂದ ಬಂದ ತರುಣ ಉಪಾಧ್ಯಾಯರೊಬ್ಬರು ನಮಸ್ಕರಿಸಿ ನಿಂತರು. ನಮ್ಮ ಮಠದ ಪ್ರಸಾದನಿಲಯದಲ್ಲಿ ಆರು ವರ್ಷ ಇದ್ದು ಓದಿದವರು, ಎಂ.ಎ., ಬಿ.ಎಡ್. ಮುಗಿಸಿ ಏಳು ವರ್ಷಗಳಿಂದ ಸರಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕರಾಗಿ ದುಡಿಯುತ್ತಿರುವವರು. ತಂದೆಯ ಶಸ್ತ್ರಚಿಕಿತ್ಸೆಗಾಗಿ ಬ್ಯಾಂಕಿನಲ್ಲಿ ಸಾಲ ಕೇಳಲು ಹೋಗಿದ್ದರಂತೆ. ಅಲ್ಲಿಯ ಅಧಿಕಾರಿ ಕಾಗದಗಳನ್ನು ನೋಡಿ, ‘ಇದು ಸಂಬಳವಲ್ಲವಲ್ಲ, ಗೌರವಧನ. ಗೌರವಧನದ ಮೇಲೆ ಸಾಲ ಕೊಡುವ ಪದ್ಧತಿಯಿಲ್ಲ’ ಎಂದು ಹಿಂದಕ್ಕೆ ಕಳಿಸಿದರಂತೆ. ಆ ತರುಣರು ನಮ್ಮನ್ನು ಕೇಳಿದ್ದು ಹಣವನ್ನಲ್ಲ, ಒಂದು ಪದದ ಅರ್ಥವನ್ನು. ‘ಬುದ್ಧೀ, ಗೌರವಧನ ಅಂದ್ರೆ ಸಂಬಳ ಅಲ್ವಾ?’ ಎಂದರು.

ವ್ಯಾಕರಣ, ತರ್ಕಗಳನ್ನು ಪಾಠಶಾಲೆಯಲ್ಲಿಯೂ, ಇತಿಹಾಸವನ್ನು ವಿಶ್ವವಿದ್ಯಾಲಯದಲ್ಲಿಯೂ ಓದಿದ ನಮಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಈ ಲೇಖನವನ್ನು ಆ ತರುಣರಿಗೆ ಕೊಡಬೇಕಾಗಿದ್ದ, ಕೊಡಲಾಗದೆ ಉಳಿದ ಉತ್ತರವೆಂದೇ ನೀವು ತಿಳಿಯಬಹುದು.

ನಮ್ಮ ಹಿರಿಯರು ಊರ ಶಾಲೆಯನ್ನು ಏನೆಂದು ಕರೆಯುತ್ತಿದ್ದರು ಬಲ್ಲಿರಾ? ಕೂಲಿಮಠ. ಓದು ಕಲಿಸುವವರು ಐಗಳು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಮನೆಯವರು ಐಗಳಿಗೆ ಕಾಳನ್ನೋ ಕಾಸನ್ನೋ ಕೊಡುತ್ತಿದ್ದರು. ಆ ಹೆಸರಿನಲ್ಲಿ ಕೂಲಿ ಎಂಬ ಮಾತೂ ಮಠ ಎಂಬ ಮಾತೂ ಒಂದರ ಪಕ್ಕದಲ್ಲೊಂದು ಯಾವ ಸಂಕೋಚವೂ ಇಲ್ಲದೆ ಕುಳಿತಿರುವುದನ್ನು ಗಮನಿಸಿ. ಕಲಿಸುವುದು ಪವಿತ್ರವಾದ ಕೆಲಸ, ಆದುದರಿಂದ ಅದಕ್ಕೆ ಕೂಲಿಯೆನ್ನಬಾರದು ಎಂದು ಅವರಿಗೆ ತೋರಲಿಲ್ಲ. ಕೆಲಸ ಮಾಡಿದವನಿಗೆ ಕೂಲಿ ಸಲ್ಲಬೇಕು ಎಂಬಷ್ಟನ್ನು ಅವರು ಬಲ್ಲವರಾಗಿದ್ದರು. ಇಂದು ನಾವು ಕೂಲಿಯೆಂಬ ಮಾತನ್ನು ಕೈಬಿಟ್ಟು ಗೌರವವೆಂಬ ಮಾತನ್ನು ತಂದಿರಿಸಿದ್ದೇವೆ. ಮಾತು ಎತ್ತರಕ್ಕೇರಿತು, ಮೊತ್ತ ಏರಿತೇ ಎಂಬುದೇ ಪ್ರಶ್ನೆ.

ಈ ಕೂಲಿಮಠಗಳ ಸ್ಥಿತಿಗೆ ಸಾಕ್ಷ್ಯವಾಗಿ ನಮ್ಮ ನೆರೆಯಲ್ಲಿಯೇ ಒಂದು ಹಳೆಯ ಕಾಗದವಿದೆ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂಬುದರ ವಿವರ ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ದೀರ್ಘವಾದ ಉತ್ತರ ಬರೆದನು. ಆ ಬಳ್ಳಾರಿ ಜಿಲ್ಲೆ ನಮಗೆ ದೂರದ್ದಲ್ಲ. ಅದರಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮೊಡನೆ ಸೇರಿ, ಎರಡು ದಶಕ ನಮ್ಮೊಡನಿದ್ದು, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ತಾಲೂಕು. ಕ್ಯಾಂಬೆಲ್ ಎಣಿಸಿದ ಶಾಲೆಗಳು 533. ಓದುವ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು 60. ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳ ಪಟ್ಟಿಯನ್ನೂ ಆತ ಕೊಟ್ಟಿದ್ದಾನೆ. ಇಂಗ್ಲಿಷಿನವನ ಬಾಯಲ್ಲಿ ಹೆಸರುಗಳು ನಗು ಬರುವಷ್ಟು ಕೆಟ್ಟಿದ್ದರೂ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಎಂದು ಗುರುತು ಹಿಡಿಯಲು ಕಷ್ಟವಾಗದು. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಆತ ಮನಸಾರೆ ಹೊಗಳಿದ್ದಾನೆ.

1983ರಲ್ಲಿ ಧರ್ಮಪಾಲರು ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಈ ವರದಿಗಳನ್ನೆಲ್ಲ ಅಚ್ಚು ಹಾಕಿಸಿದ ಮೇಲೆ ಅವು ನಮ್ಮ ವೇದಿಕೆಗಳಿಗೂ ಬಂದವು. ಬ್ರಿಟಿಷರು ಬರುವ ಮುನ್ನ ಊರೂರಿಗೂ ಶಾಲೆಯಿತ್ತು, ಗುರುವಿಗೆ ಗೌರವವಿತ್ತು, ಎಲ್ಲವೂ ಸುಭಿಕ್ಷವಾಗಿತ್ತು ಎಂದು ಭಾಷಣಕಾರರು ಹೇಳುವುದನ್ನು ನೀವೂ ಕೇಳಿರಬಹುದು. ನಾವೂ ಒಂದೆರಡು ಸಲ ಹಾಗೆಯೇ ಹೇಳಿದ್ದುಂಟು. ಕಾಗದದ ಅರ್ಧವನ್ನು ಮಾತ್ರ ಓದಿದ್ದೆವೆಂಬುದು ಆಮೇಲೆ ತಿಳಿಯಿತು. ಉಳಿದರ್ಧದಲ್ಲಿ ಕ್ಯಾಂಬೆಲ್ ಹೇಳುವುದು ಬೇರೆಯೇ ಇದೆ: ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ, ಇದಕ್ಕೆ ಕಾರಣ ಜನರ ಬಡತನ, ಸೀಮೆಯ ಅರಿವೆ ಬಂದು ಇಲ್ಲಿಯ ನೇಯುವವರ ಜೀವನ ಕುಸಿದಿದೆ, ಮಗುವಿನ ಕೈಕಾಲಿಗೆ ಶಕ್ತಿ ಬಂದೊಡನೆ ತಂದೆತಾಯಿಗಳಿಗೆ ಅದರ ದುಡಿಮೆ ಬೇಕಾಗುತ್ತದೆ. ಇನ್ನು ಮನ್ರೋ 1826ರಲ್ಲಿ ಎಲ್ಲ ಜಿಲ್ಲೆಗಳ ಉತ್ತರಗಳನ್ನು ಕ್ರೋಡೀಕರಿಸಿ ಬರೆದ ಟಿಪ್ಪಣಿಯಲ್ಲಿ ಉಪಾಧ್ಯಾಯರ ವರಮಾನದ ಮಾತೆತ್ತುತ್ತಾನೆ. ತಿಂಗಳಿಗೆ 6-7 ರೂಪಾಯಿಗಿಂತ ಹೆಚ್ಚು ಅವರಿಗೆ ಹುಟ್ಟುವುದಿಲ್ಲ, ಯೋಗ್ಯರಾದವರನ್ನು ಈ ವೃತ್ತಿಗೆ ಎಳೆಯಲು ಇಷ್ಟು ಸಾಲದು ಎಂಬುದು ಅವನ ಅಭಿಪ್ರಾಯ. ತಾಲೂಕಿನ ಶಾಲೆಯ ಉಪಾಧ್ಯಾಯನಿಗೆ ಸರಕಾರದಿಂದ 9 ರೂಪಾಯಿ, ಜಿಲ್ಲೆಯ ಶಾಲೆಯವನಿಗೆ 15 ರೂಪಾಯಿ ಕೊಡಬೇಕೆಂದು ಆತ ಸೂಚಿಸಿದನು.

ಆಳುವವನ ಕಾಗದದಲ್ಲಿ ಅವನ ಸ್ವಾರ್ಥವೂ ಇರುತ್ತದೆ. ಅದನ್ನು ತಿಳಿದೇ ಓದಬೇಕು. ಆದರೂ 200 ವರ್ಷಗಳ ಹಿಂದೆ ಒಬ್ಬ ಪರದೇಶದ ಅಧಿಕಾರಿ ಬಡತನವನ್ನೂ ಉಪಾಧ್ಯಾಯನ ಸಂಬಳವನ್ನೂ ಒಂದೇ ರೋಗದ ಎರಡು ಲಕ್ಷಣಗಳೆಂದು ಕಂಡಿದ್ದನಲ್ಲಾ! ನಮ್ಮ ಸ್ವರಾಜ್ಯದ ಆಡಳಿತ ಇವೆರಡನ್ನೂ ಬೇರೆ ಬೇರೆ ಇಲಾಖೆಯ ಕಡತಗಳಲ್ಲಿ ಕಟ್ಟಿಟ್ಟಿದೆ.

ಮೊದಲು ಬಡತನದ ಮಾತು. ನೇಯುವವರ ಬಾಳನ್ನು ಕೆಡಿಸಿದ ಅರಿವೆ ಮ್ಯಾಂಚೆಸ್ಟರಿನದು. ಶತಮಾನ ಕಳೆದ ಮೇಲೆ ನಮ್ಮ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳೆದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಕಾಲದ ವಿಪರ್ಯಾಸವೆಂದರೆ ಇದೇ. ಗಿರಣಿಯ ಸಿಳ್ಳಿಗೆ ಎದ್ದು, ಮಕ್ಕಳನ್ನು ಓದಿಸಿ, ಅವರನ್ನು ಗುಮಾಸ್ತರನ್ನೋ ಉಪಾಧ್ಯಾಯರನ್ನೋ ಮಾಡಿದ ಒಂದು ತಲೆಮಾರು ಇಲ್ಲಿತ್ತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆದಿಯಲ್ಲಿ ನಿಂತುಹೋಯಿತು. ಕಾರ್ಖಾನೆ ನಿಂತಾಗ ಪತ್ರಿಕೆಯಲ್ಲಿ ಬರುವುದು ಕಾರ್ಮಿಕರ ಬಾಕಿಯ ಸುದ್ದಿ. ಏಳನೆಯ ತರಗತಿಯಲ್ಲಿದ್ದ ಅವರ ಮಗ ಶಾಲೆ ಬಿಟ್ಟು ಗ್ಯಾರೇಜಿಗೆ ಹೋದ ಸುದ್ದಿ ಎಲ್ಲಿಯೂ ಬರುವುದಿಲ್ಲ.

ಈಗ ಮಂಡಕ್ಕಿ ಭಟ್ಟಿಗಳ ಬೀದಿಗೆ ಬನ್ನಿ. ದಾವಣಗೆರೆಯ ಮಂಡಕ್ಕಿಯನ್ನು ನಾವೆಲ್ಲರೂ ತಿಂದವರೇ. ಮೆಣಸಿನಕಾಯಿ ಬಜ್ಜಿಯೊಡನೆ ಅದನ್ನು ಕೊಡದ ಮನೆ ಈ ಸೀಮೆಯಲ್ಲಿಲ್ಲ. ಭತ್ತ ನೆನೆಹಾಕಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸುವ ಆ ಕೆಲಸದ ಹೊಗೆಯನ್ನು ನುಂಗುವವರು ಬೇರೆ. ನಸುಕಿಗೆ ಮೊದಲೇ ಒಲೆ ಹೊತ್ತುತ್ತದೆ. ಮನೆಮಂದಿಯೆಲ್ಲ ಕೈಹಾಕಿದರೆ ಮಾತ್ರ ದಿನದ ಲೆಕ್ಕ ಕೂಡುತ್ತದೆ. 1986ರ ಬಾಲಕಾರ್ಮಿಕ ನಿಷೇಧ ಕಾಯಿದೆಗೆ 2016ರಲ್ಲಿ ತಿದ್ದುಪಡಿ ತಂದಾಗ, ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಡಬಾರದೆಂದು ಹೇಳಿ, ಅಪಾಯಕರವಲ್ಲದ ಮನೆತನದ ಕಸುಬಿನಲ್ಲಿ ಶಾಲೆಯ ವೇಳೆಯ ಹೊರಗೆ ನೆರವಾಗಬಹುದೆಂದು ಒಂದು ಕಿಂಡಿಯನ್ನೂ ಬಿಟ್ಟರು. ಮನೆಯ ಕೆಲಸದಲ್ಲಿ ಮಗು ಕೈಜೋಡಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ರೈತನ ಮನೆಯಲ್ಲಿ ಹುಟ್ಟಿದ ನಾವು ದನ ಕಾಯ್ದವರೇ. ಆದರೆ ನಾಲ್ಕು ಗಂಟೆಗೆ ಎದ್ದು ಭತ್ತ ಹರಡಿದ ಹುಡುಗಿ ಹತ್ತೂವರೆಗೆ ಬೆಂಚಿನ ಮೇಲೆ ತೂಕಡಿಸಿದರೆ ಕಾಯಿದೆಯ ಪ್ರಕಾರ ಆಕೆ ಶಾಲೆಯ ವೇಳೆಯ ಹೊರಗೆ ದುಡಿದವಳು, ಹಾಜರಿಯ ಪ್ರಕಾರ ಶಾಲೆಗೆ ಬಂದವಳು. ಎರಡು ಪುಸ್ತಕಗಳೂ ಶುದ್ಧ. ಹುಡುಗಿಗೆ ಮಾತ್ರ ಭಾಗಾಕಾರ ಬರುವುದಿಲ್ಲ.

ಸರಕಾರ ಏನೂ ಮಾಡಿಲ್ಲವೆಂದರೆ ಅಪಚಾರವಾದೀತು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯವನ್ನೆಲ್ಲ ವ್ಯಾಪಿಸಿದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ನಮ್ಮ ಪರಂಪರೆಯ ಮಾತನ್ನು ಸರಕಾರವು ಎರವಲು ಪಡೆದು ಅದಕ್ಕೆ ಕುಂದು ಬಾರದಂತೆ ನಡೆಸಿದ ಉದಾಹರಣೆ ಅದು. ಪ್ರಾಸಂಗಿಕವಾಗಿ ಒಂದು ಮಾತು: ಆ ಊಟದಲ್ಲಿ ಮೊಟ್ಟೆ ಕೊಡುವ ಬಗ್ಗೆ 2021ರಲ್ಲಿ ಕೆಲವು ಮಠಗಳಿಂದ ವಿರೋಧ ಬಂದಿತು. ನಾವು ಮೊಟ್ಟೆಯನ್ನು ಮುಟ್ಟುವವರಲ್ಲ. ಬೇಡವೆಂದ ಮಕ್ಕಳಿಗೆ ಬಾಳೆಯ ಹಣ್ಣಿನ ಏರ್ಪಾಡು ಇದೆ. ಪಕ್ಕದ ಮಗುವಿನ ತಟ್ಟೆಯನ್ನು ನೋಡುವಾಗ ಎಲುಬು ಕಾಣುವ ಅದರ ತೋಳನ್ನೂ ನೋಡಬೇಕೆಂಬುದು ನಮ್ಮ ನಿಲುವು. ಇದನ್ನು ಒಪ್ಪದ ಭಕ್ತರು ನಮಗೆ ಪತ್ರ ಬರೆದಿದ್ದಾರೆ; ಇನ್ನೂ ಬರೆಯಬಹುದು.

ಇನ್ನು ಉಪಾಧ್ಯಾಯರ ಮಾತು. ಖಾಲಿ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬದೆ ಆ ಜಾಗದಲ್ಲಿ ವರ್ಷದ ಮಟ್ಟಿಗೆ ಅತಿಥಿಗಳನ್ನು ನೇಮಿಸುವುದು ಈಗ ರೂಢಿಯಾಗಿದೆ. 2025ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆ ಹೀಗೆ ತೆಗೆದುಕೊಳ್ಳಲು ಒಪ್ಪಿಗೆ ದೊರೆತ ಸಂಖ್ಯೆ ಸುಮಾರು 51,000. ಅದೇ ವರ್ಷ 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500. ಬೇಸಗೆಯ ರಜೆಗೆ ಏನೂ ಇಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಡುತ್ತೇವೆ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟಿನಿಂದ ಜಾರಿಗೆ ಬಂದಾಗ ಸರಕಾರಿ ನೌಕರಿಯ ಅತ್ಯಂತ ಕೆಳಗಿನ ಹುದ್ದೆಯ ಮೂಲವೇತನ 27,000 ರೂಪಾಯಿ ಆಯಿತು. ಮನುಷ್ಯನೊಬ್ಬ ಮಾನವಾಗಿ ಬಾಳಲು ಇಷ್ಟಾದರೂ ಬೇಕೆಂದು ಸರಕಾರವೇ ಒಪ್ಪಿಕೊಂಡ ಮೊತ್ತವದು. ಹಾಗಾದರೆ ಎಂ.ಎ., ಬಿ.ಎಡ್. ಓದಿ ಐದನೆಯ ತರಗತಿಗೆ ಗಣಿತ ಹೇಳುವವನು ಅದರ ಅರ್ಧಕ್ಕೂ ಕಡಿಮೆಯಲ್ಲಿ ಬಾಳಬಲ್ಲನೆಂಬುದು ಯಾವ ಲೆಕ್ಕ? ದಾವಣಗೆರೆಯಲ್ಲಿ ಗಾರೆ ಕೆಲಸದವರ ದಿನಗೂಲಿ ಎಷ್ಟೆಂಬುದನ್ನು ಮನೆ ಕಟ್ಟಿಸಿದ ನೀವೆಲ್ಲರೂ ಬಲ್ಲಿರಿ. ಇಪ್ಪತ್ತೈದು ದಿನಕ್ಕೆ ಗುಣಿಸಿ ನೋಡಿ. ಗಾರೆಯವರ ಕೂಲಿ ಹೆಚ್ಚಾಯಿತೆಂದು ನಮ್ಮ ಆಕ್ಷೇಪವಲ್ಲ. ಅದನ್ನು ಕೂಲಿಯೆಂದು ಕರೆದುದರಿಂದಲೇ ಅವರು ಚೌಕಾಸಿ ಮಾಡಿ ಕೇಳಲು ಶಕ್ತರಾದರು. ಗೌರವವನ್ನು ಚೌಕಾಸಿ ಮಾಡಲು ಯಾರಿಗೆ ಬಾಯಿ ಬಂದೀತು? ಆ ಪದದ ಮರ್ಮವಿರುವುದು ಇಲ್ಲಿಯೇ. ಸಂಬಳವೆಂದರೆ ಹಕ್ಕು ಹುಟ್ಟುತ್ತದೆ, ಪಿಂಚಣಿ, ರಜೆಗಳ ಮಾತು ಬರುತ್ತದೆ, ಬ್ಯಾಂಕು ಸಾಲ ಕೊಡುತ್ತದೆ. ಗೌರವಧನವೆಂದರೆ ಕೊಟ್ಟಿದ್ದೇ ಉಪಕಾರ.

1966ರಲ್ಲಿ ಕೊಠಾರಿ ಆಯೋಗವು ರಾಷ್ಟ್ರೀಯ ವರಮಾನದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಹೇಳಿತು. 1968, 1986, 2020ರ ನೀತಿಗಳೆಲ್ಲ ಅದನ್ನೇ ಮಂತ್ರದಂತೆ ಜಪಿಸಿದವು. ಜಪದ ಫಲ ಇನ್ನೂ ಕಂಡಿಲ್ಲ. ಈ ಬಗ್ಗೆ ಹೆಚ್ಚು ಬರೆದು ಪುಟ ತುಂಬಿಸಲು ಇಷ್ಟವಿಲ್ಲ. ಸರಕಾರವನ್ನು ಬೈಯುವುದು ಸುಲಭ, ಮಠದಲ್ಲಿ ಕುಳಿತು ಬೈಯುವುದು ಇನ್ನೂ ಸುಲಭ.

ಏಕೆಂದರೆ ಆ ಸಂಜೆಯ ಮಾತು ಇನ್ನೂ ಮುಗಿದಿರಲಿಲ್ಲ. ತರುಣರು ಪ್ರಸಾದ ತೆಗೆದುಕೊಂಡು ಹೊರಡುವಾಗ ಬಾಗಿಲ ಬಳಿ ನಿಂತು, ‘ಬುದ್ಧೀ, ನಮ್ಮ ಮನೆಯವರೂ ಟೀಚರೇ. ಮಠದ ಸ್ಕೂಲಿನಲ್ಲೇ ಇದಾರೆ. ಅವರಿಗಿಂತ ನನ್ನದೇ ವಾಸಿ’ ಎಂದರು. ಅದನ್ನು ಅವರು ದೂರಾಗಿ ಹೇಳಲಿಲ್ಲ. ತಮ್ಮ ಪಾಡಿಗೆ ತಾವು ಸಮಾಧಾನ ಹೇಳಿಕೊಂಡಂತೆ ಹೇಳಿ ಹೊರಟುಹೋದರು.

ಆ ರಾತ್ರಿ ನಾವು ನಮ್ಮ ಶಾಲೆಯ ವೇತನಪಟ್ಟಿ ತರಿಸಿ ನೋಡಿದೆವು. ಹದಿನೆಂಟು ವರ್ಷಗಳಿಂದ ಪಟ್ಟದಲ್ಲಿರುವ ನಾವು ಆ ಪುಸ್ತಕವನ್ನು ತೆರೆದದ್ದು ಅದೇ ಮೊದಲು ಎಂದು ಬರೆಯಲು ನಾಚಿಕೆಯಾಗುತ್ತದೆ. ಅನುದಾನಿತ ಪ್ರೌಢಶಾಲೆಯ ಐವರಿಗೆ ಸರಕಾರದ ಸಂಬಳ ಬರುತ್ತದೆ. ಅನುದಾನವಿಲ್ಲದ ಪ್ರಾಥಮಿಕ ವಿಭಾಗದ ಹನ್ನೊಂದು ಮಂದಿಗೆ ಮಠ ಕೊಡುವುದು ಸರಕಾರ ಅತಿಥಿಗಳಿಗೆ ಕೊಡುವುದಕ್ಕಿಂತ ಕಡಿಮೆ. ಒಬ್ಬ ತಾಯಿ ಹದಿನಾಲ್ಕು ವರ್ಷಗಳಿಂದ ಇದ್ದಾರೆ. ಪುಣ್ಯಕ್ಕೆ, ಸಹಿ ಒಂದು ಮೊತ್ತಕ್ಕೆ ಹಾಕಿಸಿ ಇನ್ನೊಂದು ಮೊತ್ತ ಕೈಗಿಡುವ ದುಷ್ಟ ಪದ್ಧತಿ ನಮ್ಮಲ್ಲಿಲ್ಲ. ಹಾಗೆ ಮಾಡುವ ಸಂಸ್ಥೆಗಳುಂಟು, ಅನುದಾನಿತ ಹುದ್ದೆಗೆ ಕಾಣಿಕೆಯ ಹೆಸರಿನಲ್ಲಿ ಬೆಲೆ ಕಟ್ಟುವ ಸಂಸ್ಥೆಗಳೂ ಉಂಟೆಂಬುದು ನಿಮಗೂ ತಿಳಿದದ್ದೇ. ಅವರಷ್ಟು ಕೆಟ್ಟವರಲ್ಲವೆಂಬ ಸಮಾಧಾನದಿಂದ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ನಮ್ಮ ಆಡಳಿತ ಮಂಡಳಿಯವರನ್ನು ವಿಚಾರಿಸಿದಾಗ ಬಂದ ಉತ್ತರಗಳು ಸುಳ್ಳಲ್ಲ. 1987ರ ನಂತರ ತೆರೆದ ಶಾಲೆಗಳಿಗೆ ಸರಕಾರ ಅನುದಾನದ ಬಾಗಿಲನ್ನು ಮುಚ್ಚಿತು. 1995ರವರೆಗಿನ ಕನ್ನಡ ಶಾಲೆಗಳಿಗಾದರೂ ಕೊಡಿರೆಂದು ವರ್ಷಗಟ್ಟಲೆ ಹೋರಾಟವಾಯಿತು. ಅನುದಾನವಿರುವ ಕಡೆಯಲ್ಲಿಯೂ ನಿವೃತ್ತರಾದವರ ಜಾಗಕ್ಕೆ ನೇಮಕದ ಅನುಮತಿ ಬೇಗ ಬರುವುದಿಲ್ಲ. ಬಡವರ ಮಕ್ಕಳಿಂದ ಹೆಚ್ಚು ಶುಲ್ಕ ತೆಗೆದುಕೊಳ್ಳಲು ಮಠಕ್ಕೆ ಮನಸ್ಸಿಲ್ಲ. ಎಲ್ಲವೂ ನಿಜ. ಇಷ್ಟೆಲ್ಲ ನಿಜಗಳ ಭಾರವನ್ನು ಹೊತ್ತವರು ಮಾತ್ರ ಆ ಹನ್ನೊಂದು ಮಂದಿ.

ಅವರಿಗೆ ನಾವು ಹೇಳುತ್ತ ಬಂದದ್ದೇನು? ‘ಇದು ಸೇವೆ, ಇದು ಕಾಯಕ, ಮಠದ ಶಾಲೆಯಲ್ಲಿ ಕಲಿಸುವುದೇ ಭಾಗ್ಯ’ ಎಂದು. ಶರಣರ ಮಾತನ್ನು ಇದಕ್ಕಿಂತ ವಕ್ರವಾಗಿ ಬಳಸುವುದು ಸಾಧ್ಯವೇ ಎಂದು ಈಗ ಕೇಳಿಕೊಳ್ಳುತ್ತೇವೆ. ನುಲಿಯ ಚಂದಯ್ಯನ ಕಥೆ ನಿಮಗೆ ಗೊತ್ತು. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಿಂದ ದಾಸೋಹ ಮಾಡಿದವನು ಆತ. ಹಗ್ಗವನ್ನು ಪುಕ್ಕಟೆ ಕೊಡಲಿಲ್ಲ. ಕಾಯಕಕ್ಕೆ ಸಲ್ಲುವ ಪ್ರತಿಫಲವನ್ನು ತೆಗೆದುಕೊಂಡ ಮೇಲೆಯೇ ದಾಸೋಹದ ಅಧಿಕಾರ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಂದಕ್ಕೆ ಕಳಿಸಿದಳಲ್ಲವೇ ಎಂದು ಯಾರಾದರೂ ಕೇಳಿಯಾರು. ಹೌದು, ಕಳಿಸಿದಳು. ಆದರೆ ಹೆಚ್ಚಾದುದನ್ನು ಬೇಡವೆಂದವಳು ಲಕ್ಕಮ್ಮ. ಕಡಿಮೆ ಸಾಕೆಂದು ಆಕೆಯ ಪರವಾಗಿ ಮಠದಯ್ಯಗಳು ತೀರ್ಮಾನಿಸಲಿಲ್ಲ.

1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿ ಸಪ್ತರ್ಷಿಗಳೆಂದು ಹೆಸರಾದ ತರುಣರ ತ್ಯಾಗವನ್ನೂ ನಾವು ಇದೇ ಸಂದರ್ಭದಲ್ಲಿ ಉದಾಹರಿಸುತ್ತೇವೆ. ಹರ್ಡೇಕರ ಮಂಜಪ್ಪನವರು ಶಿರಸಿಯಲ್ಲಿ ಉಪಾಧ್ಯಾಯ ವೃತ್ತಿಗೆ ರಾಜೀನಾಮೆ ಕೊಟ್ಟು 1906ರಲ್ಲಿ ಈ ದಾವಣಗೆರೆಗೇ ಬಂದು ‘ಧನುರ್ಧಾರಿ’ ಪತ್ರಿಕೆ ತೆಗೆದರು. 1913ರಲ್ಲಿ ಇಲ್ಲಿಯ ವಿರಕ್ತಮಠದಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮುಂದಾದರು. ಇವರೆಲ್ಲ ತ್ಯಾಗ ಮಾಡಿದರು, ನಿಜ. ತಾವಾಗಿ ಮಾಡಿದರು, ಸಂಸ್ಥೆ ಕಟ್ಟುವವರು ತಾವೇ ಆಗಿದ್ದರು. ಹನ್ನೊಂದು ಮಂದಿ ಬಡ ಉಪಾಧ್ಯಾಯರ ಹೆಸರಿನಲ್ಲಿ ನಾವು ತ್ಯಾಗ ಮಾಡುವುದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಈಗ ಹಳೆಯ ವಿದ್ಯಾರ್ಥಿಗಳಾದ ನಿಮ್ಮೊಡನೆ ಎರಡು ಮಾತು. ದಾವಣಗೆರೆಯಲ್ಲಿ ಕೊಡುವವರ ಕೈ ಎಂದೂ ಬರಿದಾಗಿರಲಿಲ್ಲ. 1951ರ ಎಂಜಿನಿಯರಿಂಗ್ ಕಾಲೇಜು ಇಂದಿಗೂ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಿನಲ್ಲಿದೆ. ಸರಕಾರಿ ಪಾಲಿಟೆಕ್ನಿಕ್ಕು ರಾಜನಹಳ್ಳಿ ಮನೆತನದ ಹೆಸರಿನಲ್ಲಿದೆ. ಆ ವರ್ತಕರು ಕೊಟ್ಟದ್ದು ಸಾರ್ವಜನಿಕರ ವಿದ್ಯಾಲಯಗಳಿಗೆ. ತಮ್ಮ ಮನೆತನಕ್ಕೆ ಉಳಿಸಿಕೊಂಡದ್ದು ಹೆಸರನ್ನು ಮಾತ್ರ. ನೀವು ಮಠಕ್ಕೆ ಏನು ಕೊಡುತ್ತೀರಿ? ಮಹಾದ್ವಾರ, ಬೆಳ್ಳಿಯ ಪಲ್ಲಕ್ಕಿ, ನಮಗೆ ತುಲಾಭಾರ. ಕಳೆದ ಜಾತ್ರೆಯಲ್ಲಿ ನಡೆದ ತುಲಾಭಾರದ ಖರ್ಚು ನಮ್ಮ ಪ್ರಾಥಮಿಕ ವಿಭಾಗದ ಐದು ತಿಂಗಳ ವೇತನಕ್ಕೆ ಸಮವಾಗಿತ್ತು. ಗೋಡೆ ಕಟ್ಟಿಸಿದರೆ ಕಲ್ಲಿನ ಮೇಲೆ ಹೆಸರು ಕೊರೆಯಬಹುದು. ಉಪಾಧ್ಯಾಯನ ಸಂಬಳದ ಮೇಲೆ ಹೆಸರು ಕೊರೆಯಲು ಸ್ಥಳವಿಲ್ಲವೆಂದೇ ಅದಕ್ಕೆ ದಾನಿಗಳು ದೊರೆಯುವುದಿಲ್ಲವೇ? ನಿಮಗೆ ಮರಳಿನ ಮೇಲಲ್ಲದಿದ್ದರೂ ಸ್ಲೇಟಿನ ಮೇಲೆ ಅ ಆ ತಿದ್ದಿಸಿದವರು ಯಾರು, ಅವರಿಗೆ ಅಂದು ತಿಂಗಳಿಗೆ ಎಷ್ಟು ಬರುತ್ತಿತ್ತು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ.

ಬರುವ ಜಾತ್ರೆಯಲ್ಲಿ ತುಲಾಭಾರ ಬೇಡವೆಂದು ಸಮಿತಿಗೆ ತಿಳಿಸಿದ್ದೇವೆ. ಸಮಿತಿಯ ಇಬ್ಬರು ಹಿರಿಯರು ಮುನಿಸಿಕೊಂಡಿದ್ದಾರೆ. ಆ ತರುಣರಿಗೆ ಸಾಲದ ಕಾಗದಕ್ಕೆ ಮಠದ ಜಾಮೀನು ಕೊಟ್ಟೆವು. ತಂದೆಯ ಶಸ್ತ್ರಚಿಕಿತ್ಸೆ ಆಯಿತೆಂದು ಮೊನ್ನೆ ಹೇಳಿಕಳಿಸಿದರು. ಅವರ ಪತ್ನಿಯನ್ನು ಎದುರಿಗೆ ಕಂಡು ಮಾತಾಡುವ ಧೈರ್ಯ ನಮಗೆ ಇನ್ನೂ ಬಂದಿಲ್ಲ. ಜೂನ್ ತಿಂಗಳಿಂದ ನಡೆಸಲು ಹೊಸ ವೇತನಪಟ್ಟಿಯ ಪುಸ್ತಕವೊಂದನ್ನು ತರಿಸಿದ್ದೇವೆ. ಗುಮಾಸ್ತರು ರೂಢಿಯಂತೆ ಮೇಲುಗಡೆ ‘ಗೌರವಧನ’ ಎಂದು ಬರೆದಿದ್ದರು. ಅದನ್ನು ಹೊಡೆಸಿ ‘ಸಂಬಳ’ ಎಂದು ಬರೆಸಿದೆವು. ಪಕ್ಕದ ಮೊತ್ತದ ಕಾಲಂ ಖಾಲಿಯಿದೆ. ಅದರಲ್ಲಿ ಎಷ್ಟು ಬರೆಯಲು ಸಾಧ್ಯವೆಂಬುದನ್ನು ಮೇ ತಿಂಗಳ ಹುಣ್ಣಿಮೆಯಂದು ಸೇರುವ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನಿಮ್ಮೆದುರಿಗೇ ಲೆಕ್ಕ ಹಾಕುವುದೆಂದು ನಿಶ್ಚಯಿಸಿದ್ದೇವೆ.